ಹಳದಿ ಲೈಟಿನ ಮೈಲಿಗೆ

"ಎಲ್ಲಲಾ ಲೈಟು? ತೋರ್ಸಲಾ ಬೋಳಿಮಗನೆ, ಎಲ್ಲೈತೆ?"

ಯಜಮಾನ ಚನ್ನಕೇಶವ ಟಿಪ್ಪರಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕ್ಯಾಬಿನ್ನಿನೊಳಕ್ಕೆ ಅರ್ಧ ಮೈ ತೂರಿಸಿದ್ದ. ಡ್ರೈವರ್ ಭೀಮರಾಜನ ಕತ್ತಿನ ಹಿಂಭಾಗವನ್ನು ಹಿಡಿದು, ಸ್ಟೇರಿಂಗಿನ ಹಿಂದಿದ್ದ ಮೀಟರ್ ಬೋರ್ಡಿಗೆ ಅವನ ಮೂಗು ತಾಗುವ ತನಕ ಅದುಮಿದ. ಇಂಜಿನ್ ಗುಡುಗುಡು ಅನ್ನುತ್ತಿತ್ತು. ಬೋರ್ಡಿನಲ್ಲಿ ಡೀಸೆಲ್ಲಿನ ಮುಳ್ಳಿತ್ತು, ಗಾಳಿಯ ಮುಳ್ಳಿತ್ತು. ಬೆಳಗಿನಿಂದ ಭೀಮರಾಜನನ್ನು ಕಾಡಿದ್ದ ಇಂಜಿನ್ ಗುರುತಿನ ಹಳದಿ ಲೈಟು ಮಾತ್ರ ಇರಲಿಲ್ಲ.

"ಈಗಿಲ್ಲಣ್ಣ. ಮಾಕಳಿ ದಾಟಿ ಲೋಡ್ ತತ್ತಾ ಇರ್ವಾಗ ಬತ್ತದೆ. ಬಂದೇಟ್ಗೆ ಪಿಕಪ್ಪೇ ಓಯ್ತದೆ. ಏರಲ್ಲಿ ಗಾಡಿ ಎಳಿಯಾಕಿಲ್ಲ."

"ನನ್ನ ಕಂಡೇಟ್ಗೆ ಎದರ್ಕೊಂಡು ಓಡೋಯ್ತದಾ ಲೈಟು? ಟ್ರಿಪ್ ಒಡ್ಯಕ್ ಮೈಗಳ್ಳತನ ನಿಂಗೆ. ಕೇರಿ ಬುದ್ಧಿ ಎಲ್ಲೋಯ್ತದೆ!"

ಯಾರ್ಡಿನಲ್ಲಿ ಟೀ ಕುಡಿಯುತ್ತಿದ್ದ ಡ್ರೈವರುಗಳು ನಕ್ಕರು. ಪಕ್ಕದ ಟಿಪ್ಪರಿನ ಉಮೇಶನೂ ನಕ್ಕ. ಅವನು ಭೀಮರಾಜನ ಕೇರಿಯವನೇ. ನಗದಿದ್ದರೆ ಮುಂದಿನ ಸರದಿ ತನ್ನದೆಂದು ಗೊತ್ತಿದ್ದವನು.

ಬ್ಯಾಟರಾಯನಪುರದ ಆ ಯಾರ್ಡು ಹಿಂದೆ ಚನ್ನಕೇಶವನ ಅಪ್ಪನ ರಾಗಿ ಹೊಲ. ಭೀಮರಾಜನ ಅವ್ವ ಅಲ್ಲಿ ಕಳೆ ಕಿತ್ತವಳು. ಈಗ ಹೊಲದ ಮೇಲೆ ಜಲ್ಲಿ ಬಿದ್ದು, ಲಾರಿಗಳು ನಿಂತು, ಮೂಲೆಯಲ್ಲಿ ಮಾತ್ರ ಸಪ್ಪಲಮ್ಮನ ಗುಡಿ ಹಳೆಯ ಜಾಗದಲ್ಲೇ ಉಳಿದಿತ್ತು. ಗುಡಿಗೆ ಗ್ರಾನೈಟು ಬಂದಿತ್ತು, ಹಿತ್ತಾಳೆ ಕಂಬಿ ಬಂದಿತ್ತು. ಆ ಕಂಬಿಯಿಂದ ಆಚೆ ನಿಲ್ಲಬೇಕಾದವರು ಯಾರೆಂಬುದನ್ನು ಯಾರೂ ಬರೆದು ಹಾಕಿರಲಿಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ. ಮಾಕಳಿಯಾಚೆಯ ಕಲ್ಲು ಪುಡಿಮಾಡುವ ಕ್ರಷರಿನಿಂದ ಮರಳು ತಂದು ಚನ್ನಕೇಶವ ಕಟ್ಟಿಸುತ್ತಿದ್ದ ಅಪಾರ್ಟ್‌ಮೆಂಟಿಗೆ ಸುರಿಯುವುದು ಭೀಮರಾಜನ ಕೆಲಸ. ಗಾಡಿ ಹೊಸದು. ಆದರೂ ಯುಗಾದಿ ಕಳೆದ ಮೇಲೆ ಈ ಕಾಟ ಶುರುವಾಗಿತ್ತು.

ಅವನು ತನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದ್ದ. ಡೀಸೆಲ್ ಫಿಲ್ಟರಿನ ಬುಡದ ನೀರು ಬಿಟ್ಟಿದ್ದ. ಫಿಲ್ಟರನ್ನೇ ಬದಲಾಯಿಸಿದ್ದ. ಇಂಜಿನ್ನಿನ ಮೇಲೆ ಕೈಗೆ ಸಿಕ್ಕ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಒರೆಸಿ ಹಾಕಿದ್ದ. ಬ್ಯಾಟರಿ ವೈರು ಕಿತ್ತು ಹಾಕಿದರೆ ಲೈಟು ಆರುತ್ತಿತ್ತು; ಹತ್ತು ಮೈಲಿ ಹೋಗುವುದರೊಳಗೆ ಮತ್ತೆ ಹಾಜರು. ಹತ್ತಿದಾಗ ತುಂಬಿದ ಗಾಡಿ ಮುದಿ ಎಮ್ಮೆಯ ಹಾಗೆ ತೆವಳುತ್ತಿತ್ತು. ಹಿಂದಿನವರು ಹಾರನ್ ಹೊಡೆದು, ಪಕ್ಕಕ್ಕೆ ಬಂದು ಅವ್ವ ಅಕ್ಕ ಎಲ್ಲರನ್ನೂ ಬೈದು ಹೋಗುತ್ತಿದ್ದರು. ಯಾರ್ಡು ಮುಟ್ಟುವಷ್ಟರಲ್ಲಿ ಲೈಟು ಮಾಯ.

"ಕಂಪ್ನಿಗೆ ಬಿಟ್ಟು ಒಂದ್ಸಲ ಕಂಪ್ಯೂಟರ್ ಆಕಿಸ್ರಣ್ಣ," ಎಂದು ಅಂಗಲಾಚಿದ್ದ.

"ಇಲ್ದಿರೋ ಲೈಟ್ಗೆ ಕಂಪ್ಯೂಟರ್ ಆಕ್ಸಕ್ಕೆ ನಿಮ್ಮಪ್ಪ ಬತ್ತಾನಾ? ಲೈಟ್ ತೋರ್ಸು, ಆಮೇಲ್ ಮಾತಾಡು."

ತೋರಿಸುವುದು ಹೇಗೆ? ತುಂಬಿದ ಗಾಡಿ ಏರಿನಲ್ಲಿರುವಾಗ ಕೈ ಬಿಟ್ಟು ಫೋನು ಹಿಡಿಯುವ ಹಾಗಿರಲಿಲ್ಲ. ಮನೆಯಲ್ಲಿ ಇದನ್ನು ಹೇಳಿದಾಗ ಅವನ ಹೆಂಡತಿ ಧನಲಕ್ಷ್ಮಿ, "ನಾ ಬತ್ತೀನಿ ಬುಡು. ನಾಳೆ ರಜ ಐತೆ. ನೀ ಗಾಡಿ ಓಡ್ಸು, ನಾ ಯಿಡ್ಕತೀನಿ," ಎಂದಳು. ಅವಳು ವಿದ್ಯಾರಣ್ಯಪುರದಲ್ಲಿ ರಸ್ತೆ ಗುಡಿಸುವವಳು.

ಮಾರನೆಯ ದಿನ ಅವಳು ಕ್ರಷರಿನ ಹತ್ತಿರ ಗಾಡಿ ಹತ್ತಿದಳು. ಗಂಡ ಇಷ್ಟು ವರ್ಷ ಲಾರಿ ಓಡಿಸಿದ್ದರೂ ಅವಳು ಕ್ಯಾಬಿನ್ನಿನಲ್ಲಿ ಕೂತದ್ದು ಅದೇ ಮೊದಲು. ಮುಂದಿನ ಗಾಜಿನ ಕೆಳಗೆ ಸಪ್ಪಲಮ್ಮನ ಫೋಟೋ ಇತ್ತು. ಸುತ್ತ ಕೆಂಪು ಹಸಿರು ಮಿಣುಕುವ ಬಲ್ಬಿನ ಸರ. ಯಜಮಾನನ ಮಗ ಪುನೀತ್ ಯುಗಾದಿಗೆ ತಾನೇ ಕೂತು ಹಾಕಿದ್ದು. ಅವಳು ಕೈಮುಗಿದು, ಸೆರಗು ಸರಿಮಾಡಿಕೊಂಡು, ಕೆಳಗೆ ಹರಿಯುವ ರಸ್ತೆ ನೋಡಿದಳು.

"ಎಷ್ಟೆತ್ತರ ಕೂತ್ಕಂಡು ಓಯ್ತೀಯ ನೀನು! ಇಲ್ಲಿಂದ ನೋಡುದ್ರೆ ಕಸ ಗುಡ್ಸೋರು ಕಾಣದೇ ಇಲ್ವೇನೋ."

"ಕಾಣ್ತಾರೆ ಕಣೆ. ಕಂಡೇ ನಿಧಾನ ಒಡ್ಯದು."

ಅವಳು ನಕ್ಕಳು. ಅವನೂ ನಕ್ಕ. ತುಮಕೂರು ರಸ್ತೆಯ ಮೊದಲ ಏರಿಗೆ ಗಾಡಿ ಮೂತಿ ಎತ್ತಿದ್ದೇ ತಡ, ಮೀಟರ್ ಬೋರ್ಡಿನಲ್ಲಿ ಹಳದಿ ಗುರುತು ಹತ್ತಿತು. ಕಾಲಡಿಯ ಪೆಡಲು ಸತ್ತ ಹಾಗಾಯಿತು. "ಬಂತು! ಯಿಡಿ, ಯಿಡಿ!" ಎಂದು ಅವನು ಕೂಗಿದ. ಅವಳು ಫೋನು ಮುಂದೆ ಚಾಚಿ ಹಿಡಿದಳು. ಗಾಡಿ ಕುಲುಕಿದರೂ ವಿಡಿಯೋದಲ್ಲಿ ಲೈಟು ಬಿತ್ತು, ಕೆಳಗಿಳಿಯುತ್ತಿದ್ದ ಸ್ಪೀಡಿನ ಮುಳ್ಳು ಬಿತ್ತು, ಹಿಂದಿನವರ ಹಾರನ್ನೂ ಬಿತ್ತು. ಅವತ್ತು ಭೀಮರಾಜ ಲೈಟು ಹತ್ತಿದ್ದಕ್ಕೆ ಖುಷಿಪಟ್ಟ.

ಆ ವಿಡಿಯೋವನ್ನು ಚನ್ನಕೇಶವ ಪೂರ್ತಿ ನೋಡಲಿಲ್ಲ. ಅದರಲ್ಲಿ ಲೈಟಿಗಿಂತ ಮೊದಲು ಅವನಿಗೆ ಕಂಡದ್ದು ಬಳೆ ತೊಟ್ಟ ಕೈ.

"ಯಾರ್ದಲಾ ಇದು ಕೈ?"

"ನಮ್ಮನೇವ್ಳುದ್ದಣ್ಣ. ಲೈಟ್ ತೋರ್ಸಾಕೆ ಅಂತ..."

ಏಟು ಕಪಾಳಕ್ಕೆ ಬಿತ್ತು. ಫೋನು ಜಲ್ಲಿಯ ಮೇಲೆ ಬಿತ್ತು.

"ಕಸ ಬಾಚೋಳ್ನ ತಂದು ಅಮ್ಮನ ಮುಂದ್ಕೆ ಕೂರುಸ್ತೀಯಾ? ನಿನ್ನೆಂಡ್ರುನ್ನ ಮೆರವಣಿಗೆ ಮಾಡ್ಸಕ್ಕೆ ಲಾರಿ ಕೊಟ್ಟಿದ್ದೀನಾ ನಾನು, ಸೂಳೆಮಗನೆ?"

ಗುಡಿಯ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೂ ಕಟ್ಟಿಸುತ್ತಿದ್ದ ಅವನ ತಾಯಿ ಗಂಗರತ್ನಮ್ಮ ಅಲ್ಲಿಂದಲೇ ಕೇಳಿದಳು. ಅವಳ ದನಿ ದೊಡ್ಡದಲ್ಲ. ಆದರೆ ಯಾರ್ಡಿನ ಗೇಟಿನವರೆಗೂ ಮುಟ್ಟುವಂಥದು.

"ಏನ್ಲಾ ಭೀಮ, ಮುಟ್ಟಾಗಿದ್ಲಾ ನಿನ್ನೆಂಡ್ರು?"

ಭೀಮರಾಜ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನಿಂತ. ಡ್ರೈವರುಗಳು, ಕೂಲಿಯವರು, ಹೂ ಕಟ್ಟುವ ಹೆಂಗಸರು, ಸಿಮೆಂಟು ಇಳಿಸಲು ಬಂದವರು ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಕೇಳುಸ್ಲಿಲ್ವಾ? ನಿಂಗೊತ್ತಿಲ್ದಿದ್ರೆ ಅವ್ಳನ್ನೇ ಕರ್ಸು. ಬಾಯ್ಬುಟ್ಟು ಯೋಳ್ಲಿ."

ಪೂಜಾರಿ ಮುನಿಆಂಜಿನಪ್ಪ ಆರತಿಯ ತಟ್ಟೆ ಹಿಡಿದು ಹೊರಗೆ ಬಂದ. ಕಣ್ಣು ಮುಚ್ಚಿ, ತೆರೆದು, ತೀರ್ಪು ಕೊಟ್ಟ. ಅಮ್ಮ ಮುನಿದಿದ್ದಾಳೆ. ಸಿಟ್ಟಿನಿಂದ ಕಣ್ಣು ಬಿಟ್ಟು ತೋರಿಸುತ್ತಿದ್ದಾಳೆ, ಅದೇ ಆ ಹಳದಿ ಲೈಟು. ಮೈಲಿಗೆ ಕಳೆಯುವ ತನಕ ಫೋಟೋ ಬಲ್ಬಿನ ಸರದ ಸಮೇತ ಗುಡಿಯೊಳಗಿರಲಿ. ಮೈಲಿಗೆ ಮಾಡಿದವರೇ ಗಾಡಿ ತೊಳೆಯಲಿ. ಲೈಟು ಹತ್ತುತ್ತಿದ್ದದ್ದು ಯುಗಾದಿಯಿಂದ, ಅವಳು ಗಾಡಿ ಹತ್ತಿದ್ದು ಒಂದೇ ದಿನ ಎಂಬುದನ್ನು ಯಾರೂ ಎಣಿಸಲಿಲ್ಲ.

ಮಾರನೆಯ ಬೆಳಿಗ್ಗೆ ಧನಲಕ್ಷ್ಮಿ ಬಂದಳು. ಬರುವುದಿಲ್ಲವೆಂದೇ ಅವಳು ಕೂತಿದ್ದಳು. ಅವಳ ಕೆಲಸದ ಮೇಸ್ತ್ರಿಗೆ ಚನ್ನಕೇಶವನ ಫೋನು ಹೋಯಿತು, ಮೇಸ್ತ್ರಿಯಿಂದ ಅವಳಿಗೆ ಬಂತು. ಗಂಡ ಹೆಂಡತಿ ಇಬ್ಬರ ಅನ್ನವೂ ಒಂದೇ ಮಾತಿಗೆ ಹೋಗುವುದರಲ್ಲಿತ್ತು. ಅವಳು ಕ್ಯಾಬಿನ್ನಿನೊಳಗೆ ಮಂಡಿಯೂರಿ ಗಂಜಲದಲ್ಲಿ ಸೀಟು ಒರೆಸಿದಳು, ಮ್ಯಾಟು ಒರೆಸಿದಳು, ತಾನು ಫೋನು ಹಿಡಿದು ಕೂತ ಜಾಗವನ್ನು ಇನ್ನೊಮ್ಮೆ ಒರೆಸಿದಳು. ಕೆಳಗಿಳಿದ ಮೇಲೆ ಗಂಗರತ್ನಮ್ಮ ಜಗಲಿಯ ತುದಿಗೆ ಬಂದು ಮತ್ತೆ ಅದೇ ಮಾತು ಕೇಳಿದಳು.

"ಈಗ್ಲಾದ್ರೂ ಯೋಳ್ತೀಯೋ ಇಲ್ವೋ? ಆಗಿದ್ಯೋ ಇಲ್ವೋ?"

"ಇಲ್ಲ," ಎಂದಳು ಧನಲಕ್ಷ್ಮಿ.

"ಸುಳ್ಳು. ಅಮ್ಮ ಸುಳ್ಳಾಡ್ತಾಳಾ, ನೀ ಸುಳ್ಳಾಡ್ತೀಯಾ?"

ಬಕೆಟಿನಲ್ಲಿ ಉಳಿದದ್ದನ್ನು ಮುನಿಆಂಜಿನಪ್ಪ ಕಂಬಿಯ ಮೇಲಿಂದಲೇ ಅವಳ ತಲೆಗೆ ಎರಚಿದ. ಅದು ಹಣೆಯಿಂದ ಕಣ್ಣಿಗೆ, ಕಣ್ಣಿಂದ ಬಾಯಿಗೆ ಇಳಿಯಿತು. ಅವಳು ಉಗುಳಿದ್ದನ್ನು ಕಂಡು ಯಾರೋ "ಥೂ, ಅಮ್ಮನ ಜಾಗ್ದಲ್ಲಿ ಉಗೀತಾಳೆ ನೋಡು," ಎಂದರು. ಉಮೇಶ ಟೈರಿನ ಗಾಳಿ ನೋಡುವವನಂತೆ ಕೂತುಬಿಟ್ಟ. ಭೀಮರಾಜ ಅಲ್ಲೇ ನಿಂತಿದ್ದ. ನಿಂತೇ ಇದ್ದ.

ಆಮೇಲೆ ಲೈಟು ಹತ್ತಲಿಲ್ಲ.

ಬುಧವಾರ ಹತ್ತಲಿಲ್ಲ, ಗುರುವಾರ ಹತ್ತಲಿಲ್ಲ. ತುಂಬಿದ ಗಾಡಿ ಏರಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಭೀಮರಾಜ ಕಣ್ಣು ಕೀಳದೆ ಮೀಟರ್ ಬೋರ್ಡನ್ನು ನೋಡಿದ. ಹತ್ತು, ಹತ್ತು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಗಾಡಿ ಕೆಡಲಿ ಎಂದು ಡ್ರೈವರು ಬೇಡಿಕೊಳ್ಳುವುದನ್ನು ಯಾವ ದೇವರು ಕೇಳುತ್ತಾನೆ? ಯಾರ್ಡಿನಲ್ಲಿ ಚನ್ನಕೇಶವ ಬಂದವರಿಗೆಲ್ಲ ಕತೆ ಹೇಳುತ್ತಿದ್ದ. "ಕಂಪ್ನಿ ಯಾಕ್ ಬೇಕು ಗುರು? ಅಮ್ಮನ್ ಕಂಪ್ಯೂಟರ್ ಮುಂದೆ ಯಾವ್ದೈತೆ? ಒಂದ್ ಬಕೆಟ್ ಗಂಜಲ, ಗಾಡಿ ರೆಡಿ!" ಡ್ರೈವರುಗಳು ಭೀಮರಾಜನನ್ನು ಕಂಡರೆ, "ಏನ್ ಮಗಾ, ಅತ್ಗೆ ಚೆನ್ನಾಗವ್ರಾ? ಡೇಟ್ ಏನಾಯ್ತು?" ಎಂದು ಕಿಸಿಕಿಸಿ ಮಾಡುತ್ತಿದ್ದರು.

ಗುರುವಾರ ಸಂಜೆ ಅವನು ಮನೆಗೆ ಬಂದಾಗ ಧನಲಕ್ಷ್ಮಿ ಮುದ್ದೆ ಕಟ್ಟುತ್ತಿದ್ದಳು. ಮೂರು ದಿನದಿಂದ ದಿನಕ್ಕೆರಡು ಸಲ ತಲೆ ತೊಳೆಯುತ್ತಿದ್ದಳು. ಆದರೂ ನಾತ ಹೋಗಿಲ್ಲ ಎನ್ನುತ್ತಿದ್ದಳು. ಅವನು ತಟ್ಟೆಯ ಮುಂದೆ ಕೂತ. ನಾಲಿಗೆ ತಡೆಯಲಿಲ್ಲ.

"ಅಲ್ಲ, ನಿಜ ಯೋಳು. ಅವತ್ತು... ಏನೂ ಆಗಿರ್ನಿಲ್ಲ ತಾನೆ?"

ಅವಳ ಕೈ ನಿಂತಿತು. ಮುದ್ದೆಯನ್ನು ಅವನ ತಟ್ಟೆಗಿಟ್ಟು, ಸಾರು ಬಿಟ್ಟು, ಎದ್ದು ಬಾಗಿಲಾಚೆ ಹೋಗಿ ಕೂತಳು. ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

ಶುಕ್ರವಾರ ಬೆಳಿಗ್ಗೆ ಫೋಟೋ ಗಾಡಿಗೆ ವಾಪಸ್ಸು ಬಂತು. ಹೊಸ ಚೌಕಟ್ಟು, ಹೊಸ ಹಾರ. ಪುನೀತ್ ಹಳೆಯ ಬಲ್ಬಿನ ಸರದ ಬದಲು ಅದಕ್ಕಿಂತ ದೊಡ್ಡದನ್ನು ತಂದು, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರು ಸುತ್ತಿ ಟೇಪು ಹಚ್ಚಿದ. ಮುನಿಆಂಜಿನಪ್ಪ ಕುಂಬಳಕಾಯಿ ಒಡೆದ. ಭೀಮರಾಜ ಗಾಡಿ ತೆಗೆದುಕೊಂಡು ಮಾಕಳಿಗೆ ಹೋಗಿ ಮರಳು ತುಂಬಿಸಿ ಹೊರಟ.

ಜಾಲಹಳ್ಳಿ ಕಡೆಗೆ ತಿರುಗುವ ಏರಿನಲ್ಲಿ ಸಿಗ್ನಲ್ಲಿಗೆ ನಿಂತು, ಹಸಿರು ಬಿದ್ದ ಮೇಲೆ ಬ್ರೇಕು ಬಿಟ್ಟು ಕ್ಲಚ್ಚು ಬಿಟ್ಟ. ಹಳದಿ ಲೈಟು ಹತ್ತಿತು. ಇಂಜಿನ್ ಕೆಮ್ಮಿ ಆರಿತು. ಅಷ್ಟು ತೂಕದ ಗಾಡಿ ಹಿಂದಕ್ಕೆ ಉರುಳಿತು. ಬ್ರೇಕು ಒತ್ತಿ ನಿಲ್ಲಿಸುವಷ್ಟರಲ್ಲಿ ಹಿಂದೆ ಏನೋ ಪುಡಿಯಾದ ಸದ್ದು, ಒಂದು ಹೆಂಗಸಿನ ಕಿರುಚು.

ಇಳಿದು ಓಡಿದ. ಸೀಬೆಹಣ್ಣಿನ ತಳ್ಳುಗಾಡಿ ಚಕ್ರದ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಗಾಡಿಯ ಒಡತಿ ವಯಸ್ಸಾದ ಹೆಂಗಸು. ಹಾರಿ ಬಿದ್ದವಳು ಡಿವೈಡರಿನ ಮೇಲೆ ಕೂತು ತನ್ನ ಎರಡೂ ಕಾಲನ್ನು ಸವರಿ ಸವರಿ ನೋಡಿಕೊಳ್ಳುತ್ತಿದ್ದಳು, ಇವೆಯೋ ಇಲ್ಲವೋ ಎಂಬಂತೆ. ಜನ ಸೇರಿದರು. ಯಾರೂ ಏನೂ ಕೇಳಲಿಲ್ಲ. ಭೀಮರಾಜನ ಅಂಗಿ ಹರಿಯಿತು, ತುಟಿ ಒಡೆಯಿತು. ಕೊನೆಗೆ ಆ ಹೆಂಗಸೇ, "ಬುಡ್ರಪ್ಪೋ, ಸಾಯಿಸ್ಬುಟ್ಟೀರಿ," ಎಂದು ಕೂಗಿದ ಮೇಲೆ ಬಿಟ್ಟರು.

ಅವನು ಯಜಮಾನನಿಗೆ ಫೋನು ಮಾಡಿದ.

"ಮತ್ತೆ ಬಂತಾ? ಮತ್ತೆ ಅತ್ತುಸ್ದ್ಯಾ ಅವ್ಳನ್ನ?" ಎಂದ ಚನ್ನಕೇಶವ. "ಬ್ಯಾಟ್ರಿ ವೈರ್ ಕಿತ್ತಾಕಿ ಲೋಡ್ ತಂದು ಉಯ್ಯಿ. ಸಾಯಂಕಾಲ ಐತೆ ನಿಂಗೆ."

ಭೀಮರಾಜ ಬ್ಯಾಟರಿ ವೈರು ಕೀಳಲಿಲ್ಲ. ತೆವಳುವ ಗಾಡಿಯನ್ನು ಹಾಗೇ ತಿರುಗಿಸಿ ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದೆ ಮೆಕ್ಯಾನಿಕ್ ರಯ್ಯಾನನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಯಜಮಾನನನ್ನು ಕೇಳದೆ ಅವನು ಮಾಡಿದ ಮೊದಲ ಕೆಲಸ ಅದು.

ರಯ್ಯಾನ್ ಅವನ ತುಟಿ ನೋಡಿ ನೀರು ಕೊಟ್ಟ. ಆಮೇಲೆ ಸ್ಕ್ಯಾನರ್ ಹಾಕಿದ.

"ಡೀಸೆಲ್ ಪ್ರೆಷರ್ ನೋಡೋ ಸೆನ್ಸರ್ ಅಂತ ಬರ್ತೈತೆ ಭಾಯ್. ಆದ್ರೆ ಈಗ ಎಲ್ಲಾ ಸರಿ ತೋರುಸ್ತೈತೆ. ಬರ್ತೈತೆ, ಹೋಗ್ತೈತೆ ಅಂದ್ರೆ ಸೆನ್ಸರ್ ಸತ್ತಿಲ್ಲ. ಎಲ್ಲೋ ವೈರು ತಗಲ್ತಾ ಐತೆ."

ಇಂಜಿನ್ ಚಾಲೂ ಇರಲಿ, ಲೈಟಿನ ಮೇಲೆ ಕಣ್ಣಿಡು ಎಂದು ಭೀಮರಾಜನನ್ನು ಕೂರಿಸಿ, ಇಂಜಿನ್ನಿನ ಹತ್ತಿರದಿಂದ ಶುರುಮಾಡಿ ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತ ಬಂದ. ಏನೂ ಇಲ್ಲ. ಬೆವರು ಒರೆಸಿಕೊಂಡ. ಛಾಸಿಯ ಕೆಳಗೆ ಮಲಗಿ ಅಲ್ಲಾಡಿಸಿದ. ಏನೂ ಇಲ್ಲ. "ಹೊಸ ಸೆನ್ಸರ್ ಹಾಕಿ ನೋಡೋಣ್ವಾ?" ಎಂದು ತಾನೇ ಹೇಳಿ, ತಾನೇ ಬೇಡವೆಂದ. ಕೊನೆಗೆ ಕ್ಯಾಬಿನ್ನಿಗೆ ಹತ್ತಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಒಳಗಿನ ಕಟ್ಟನ್ನು ಒತ್ತಿದ.

"ಬಂತು!" ಎಂದ ಭೀಮರಾಜ.

ಬಿಟ್ಟ. ಆರಿತು. ಒತ್ತಿದ. ಹತ್ತಿತು.

ರಯ್ಯಾನ್ ಟಾರ್ಚು ಬಿಟ್ಟು ನೋಡಿ, ಬೆರಳಲ್ಲಿ ಮೀಟಿ ಒಂದು ಗಂಟನ್ನು ಹೊರಗೆಳೆದ. ಸೆನ್ಸರಿಗೆ ಹೋಗುವ ವೈರಿನ ಸಿಪ್ಪೆ ಕೆರೆದು, ಇನ್ನೊಂದು ಸಣ್ಣ ವೈರನ್ನು ಅದಕ್ಕೆ ಸುತ್ತಿದ್ದರು. ಸುತ್ತಿದ ಟೇಪು ಬಿಸಿಗೆ ಕರಗಿ ಜಾರಿತ್ತು. ಗಾಡಿ ಕುಲುಕಿದಾಗ ಸಣ್ಣ ವೈರಿನ ಬರಿ ತಾಮ್ರ ಪಕ್ಕದ ಕಬ್ಬಿಣಕ್ಕೆ ತಾಗುತ್ತಿತ್ತು. ಸಣ್ಣ ವೈರು ಮೇಲಕ್ಕೆ, ಫೋಟೋದ ಬಲ್ಬಿನ ಸರಕ್ಕೆ ಹೋಗಿತ್ತು.

"ಈ ಲೈಟ್ ತೆಗ್ದಿದ್ರೇನು ನಡುವೆ?"

"ಹೂಂ. ಫೋಟೋ ಗುಡೀಲಿತ್ತು."

"ಆವಾಗ ಬಂದಿರಲ್ಲ ನೋಡು."

ಭೀಮರಾಜ ಸೀಟಿನ ಮೇಲೆ ಕೂತೇ ಇದ್ದ. ಹೆಂಡತಿ ಮಂಡಿಯೂರಿ ಒರೆಸಿದ ಸೀಟು. ರಯ್ಯಾನ್ ಆ ವೈರು ಕತ್ತರಿಸಿ, ಕೆರೆದ ಜಾಗಕ್ಕೆ ಸರಿಯಾಗಿ ಬೆಸುಗೆ ಹಾಕಿ ಕೊಟ್ಟ. ಆಮೇಲೆ ಭೀಮರಾಜ ಧನಲಕ್ಷ್ಮಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ. ಆ ಕಡೆ ರಸ್ತೆ ಗುಡಿಸುವ ಕಡ್ಡಿಪೊರಕೆಯ ಸದ್ದು ನಿಂತಿತು. ಅವಳು ಫೋನಿಟ್ಟಳು.

ಯಾರ್ಡಿನಲ್ಲಿ ಶುಕ್ರವಾರದ ಪೂಜೆಗೆ ಸೇರಿದ ಜನ ಪ್ರಸಾದ ತಿನ್ನುತ್ತಿದ್ದರು. ಭೀಮರಾಜ ಮರಳಿನ ಲೋಡಿನೊಂದಿಗೇ ಬಂದು ನಿಲ್ಲಿಸಿ, ಇಳಿದು, ಕಂಬಿಯ ಆಚೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. ಲೈಟು ಹತ್ತಿದ್ದು ಬಲ್ಬಿನ ಸರದ ವೈರಿನಿಂದ. ವೈರು ಸುತ್ತಿದವನು ಪುನೀತ್. ಪುನೀತ್ ಫೋನಿನಿಂದ ತಲೆಯೆತ್ತಲಿಲ್ಲ.

ಚನ್ನಕೇಶವ ಬಾಯಲ್ಲಿದ್ದ ಪುಳಿಯೋಗರೆ ನುಂಗಿ ಎದ್ದು ಬಂದ.

"ಅಮ್ಮನ್ ಲೈಟಿಂದ ಗಾಡಿ ಕೆಡ್ತು ಅಂತೀಯಾ? ಯಾವನ್ ಯೋಳ್ದ? ಆ ಸಾಬಿ ಯೋಳ್ದ, ನೀ ಕೇಳ್ದೆ. ನನ್ ಕೇಳ್ದೆ ಗಾಡಿ ಬಿಚ್ಚುಸ್ದೆ. ಕೀ ಕೊಡ್ಲಾ."

"ಕೀ ಕೊಡ್ತೀನಣ್ಣ. ಗಾಡೀನೂ ಬ್ಯಾಡ. ಒಂದ್ ಮಾತು ಯೋಳಿ ಇವ್ರೆಲ್ರ ಮುಂದೆ. ನಮ್ಮನೇವ್ಳಿಂದ ಆಗಿದ್ದಲ್ಲ ಅಂತ."

ಚನ್ನಕೇಶವ ಅವನ ಹೊಟ್ಟೆಗೆ ಒದ್ದ. ಭೀಮರಾಜ ಜಲ್ಲಿಯ ಮೇಲೆ ಕುಸಿದ. ಕೈಯಿಂದ ಹಾರಿದ ಕೀಯನ್ನು ಚನ್ನಕೇಶವ ಉಮೇಶನ ಕಡೆಗೆ ಎಸೆದ. "ಇನ್ಮೇಲೆ ನೀ ಓಡ್ಸು ಇದ್ನ. ಪುನೀತ, ಆ ಲೈಟು ಎಲ್ಲಿತ್ತೋ ಅಲ್ಲಿಗೇ ಸೇರ್ಸು. ಅಮ್ಮನ್ ದೀಪ ಆರ್ಬಾರ್ದು." ಗಂಗರತ್ನಮ್ಮ ಕುರ್ಚಿಯಿಂದ, "ಇವ್ನು ನಿಂತ ಜಾಗಕ್ಕೂ ಒಂದ್ ಚೊಂಬು ಎರಚ್ರಪ್ಪ," ಎಂದಳು.

ಉಮೇಶ ಗಾಡಿ ಹತ್ತಿ ಸ್ಟಾರ್ಟ್ ಮಾಡಿದ. ಅದೇ ಹೊತ್ತಿಗೆ ಧನಲಕ್ಷ್ಮಿ ಗೇಟಿನಲ್ಲಿ ಬಂದಳು. ಕೆಲಸದ ಹಸಿರು ಕೋಟು ಮೈಮೇಲೇ ಇತ್ತು. ಯಾರ ಮುಖವನ್ನೂ ನೋಡದೆ ಜನರ ನಡುವೆ ನಡೆದು, ಟಿಪ್ಪರಿನ ಮುಂದೆ, ಬಂಪರಿಗೆ ಬೆನ್ನು ಮಾಡಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಅವತ್ತು ಎಲ್ರ ಮುಂದೆ ಕೇಳುದ್ರಿ," ಎಂದಳು. "ಇವತ್ತು ಎಲ್ರ ಮುಂದೆ ಯೋಳ್ರಿ. ಯೋಳಾಗಂಟ ಗಾಡಿ ಕದ್ಲಾಕಿಲ್ಲ."

"ಎಳ್ದಾಕ್ರೋ ಆ ಲೌಡೀನ!" ಎಂದ ಚನ್ನಕೇಶವ. ಯಾರೂ ಮುಂದೆ ಬರಲಿಲ್ಲ. ಗಂಜಲ ಎರಚಿಸಿಕೊಂಡವಳನ್ನು ಶುಕ್ರವಾರದ ಮಡಿಯಲ್ಲಿ ಮುಟ್ಟುವುದು ಯಾರು?

ಭೀಮರಾಜ ಹೊಟ್ಟೆ ಹಿಡಿದುಕೊಂಡು ಎದ್ದು ಬಂದ. ಅವಳ ಪಕ್ಕ ಕೂರಲು ಬಗ್ಗಿದ. ಅವಳು ಕೈ ಅಡ್ಡ ಹಿಡಿದಳು.

"ಇಲ್ ಕೂರ್ಬ್ಯಾಡ. ನೀನೂ ಕೇಳ್ದೋನೇ. ಮೊದ್ಲು ನೀ ಯೋಳು."

ಅವನು ಬಗ್ಗಿದ್ದವನು ನೆಟ್ಟಗಾದ. ಕಿಸಿಕಿಸಿ ನಕ್ಕಿದ್ದ ಡ್ರೈವರುಗಳು ಅಲ್ಲಿದ್ದರು, ಹೂವಿನ ಹೆಂಗಸರು ಇದ್ದರು, ಜಗಲಿಯ ಮೇಲಿನ ಕುರ್ಚಿ ಇತ್ತು. ಒಡೆದ ತುಟಿಯನ್ನು ಅಂಗಿಯ ತೋಳಿಗೆ ಒರೆಸಿಕೊಂಡ.

"ನಾನೂ ಕೇಳ್ದೆ," ಎಂದು ಕೂಗಿದ. "ಇವ್ರ ಮಾತ್ ಕೇಳ್ಕೊಂಡು ಮನೇಲಿ ನಾನೂ ಕೇಳ್ದೆ ಇವ್ಳನ್ನ. ಇವ್ಳಿಂದ ಏನೂ ಆಗಿಲ್ಲ. ತಪ್ಪು ನಂದು."

ಅವಳು ಒಂದಿಷ್ಟು ಸರಿದು ಜಾಗ ಬಿಟ್ಟಳು. ಅವನು ಕೂತ.

"ಬುಡ್ಲಾ ಗಾಡಿ! ತಾವಾಗೇ ಏಳ್ತಾರೆ, ಬುಡ್ಲಾ!" ಚನ್ನಕೇಶವ ಉಮೇಶನಿಗೆ ಕೂಗಿದ. ಉಮೇಶ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಮುಂದಿನ ಗಾಜಿನಿಂದ ಕೆಳಗೆ ನೋಡಿದ. ಅಷ್ಟೆತ್ತರದಿಂದ ಅವನಿಗೆ ಎರಡು ತಲೆಗಳಷ್ಟೇ ಕಂಡವು. ಬಾಗಿಲು ತೆಗೆದು ಆ ಕಡೆಗೆ ಇಳಿದುಬಿಟ್ಟ. ಚನ್ನಕೇಶವ ಈ ಕಡೆಯಿಂದ ತಾನೇ ಹತ್ತಿದ. ಲಾರಿ ಓಡಿಸಿ ವರ್ಷಗಳಾಗಿದ್ದವು; ಗೇರು ಕರಕರ ಎಂದು ಹಲ್ಲು ಕಡಿಯಿತು. ಬ್ರೇಕಿನ ಗಾಳಿ ಬುಸ್ಸೆಂದು ಬಿಟ್ಟುಕೊಂಡಿತು. ತುಂಬಿದ ಮರಳಿನ ಭಾರಕ್ಕೆ ಗಾಡಿ ಒಮ್ಮೆ ನರಳಿ, ಮುಂದಕ್ಕೆ ಜರುಗಿತು.

ಬಂಪರು ಬೆನ್ನಿಗೆ ತಾಗಿತು. ಕಬ್ಬಿಣ ಬಿಸಿಯಾಗಿತ್ತು. ಭೀಮರಾಜ ಅವಳ ಕೈ ಹುಡುಕಿದ. ಅವಳು ಕೈ ಕೊಡಲಿಲ್ಲ, ಎರಡೂ ಅಂಗೈಗಳನ್ನು ಜಲ್ಲಿಗೆ ಊರಿ ಹಿಂದಕ್ಕೆ ಒತ್ತಿದಳು.